ಖಾಲಿ ಕೊಡಬಾರದ ಬಟ್ಟಲು

ಆ ವರ್ಷ ನನ್ನ ಡೈರಿಯ ಪ್ರತಿ ಪುಟದ ಕೆಳಗೆ ಒಂದು ಗೆರೆ ಎಳೆದು, ಅಂದು ನಮ್ಮ ಬಾಗಿಲು ಬಡಿದವರು ಯಾರು ಎಂದು ಬರೆಯುತ್ತಿದ್ದೆ. ಶನಿವಾರ, ನೀರಿನ ಕ್ಯಾನಿನವನು. ಭಾನುವಾರ, ಮೇಲಿನ ಮನೆಯವರು. ಸೋಮವಾರ, ಯಾರೂ ಇಲ್ಲ. ಮಂಗಳವಾರ, ಯಾರೂ ಇಲ್ಲ.

ಮದುವೆಯಾಗಿ ಗಲ್ಫಿನ ಅಲ್ ಅಜೈಬಾಕ್ಕೆ ಬಂದ ಮೊದಲ ವರ್ಷ ಅದು, ತೊಂಬತ್ತರ ದಶಕದ ಕೊನೆ. ನನ್ನ ಗಂಡನಿಗೆ ಸೂರ್ ಹತ್ತಿರ ಕಟ್ಟುತ್ತಿದ್ದ ಗ್ಯಾಸ್ ಪ್ಲಾಂಟಿನಲ್ಲಿ ಸ್ಟೋರ್ಸ್ ವಿಭಾಗದ ಕೆಲಸ. ಶನಿವಾರ ಬೆಳಗಾಗುವ ಮೊದಲೇ ಕಂಪನಿಯ ಗಾಡಿ ಹತ್ತಿದರೆ ಬುಧವಾರ ಸಂಜೆ ವಾಪಸ್. ನಡುವಿನ ದಿನಗಳಲ್ಲಿ ಎರಡು ಕೋಣೆ, ಏಸಿಯ ಸದ್ದು ಮತ್ತು ನಾನು. ಉಡುಪಿಯ ನಮ್ಮ ಮನೆಯಲ್ಲಿ ಬಾಗಿಲು ಹಾಕುತ್ತಿದ್ದುದೇ ಮಲಗುವ ಹೊತ್ತಿಗೆ. ಇಲ್ಲಿ ಬಾಗಿಲು ತೆಗೆಯಲು ಒಂದು ಕಾರಣ ಬೇಕಿತ್ತು.

ಮೇಲಿನ ಮನೆಯವರು ಅಮೆರಿಕದ ಹೆಂಗಸು, ನನ್ನ ಅಮ್ಮನಿಗಿಂತ ಸ್ವಲ್ಪ ದೊಡ್ಡವರು. ಅವರ ಗಂಡ ಒಳನಾಡಿನ ಮರುಭೂಮಿಯಲ್ಲಿ ಎಣ್ಣೆ ಬಾವಿ ಕೊರೆಯುವ ಕೆಲಸದಲ್ಲಿದ್ದು, ತಿಂಗಳಿಗೊಮ್ಮೆ ಬರುತ್ತಿದ್ದರು. ನವೆಂಬರಿನ ಒಂದು ಭಾನುವಾರ ಆಕೆ ಅಂಚಿಗೆ ನೀಲಿ ಗೆರೆಯಿದ್ದ ಬಿಳಿ ಪಿಂಗಾಣಿ ಬಟ್ಟಲು ಹಿಡಿದು ನಮ್ಮ ಬಾಗಿಲಲ್ಲಿ ನಿಂತರು. ಒಳಗೆ ಕೆಂಪಗೆ ಹಬೆಯಾಡುವ ಪದಾರ್ಥ.

"ಚಿಲ್ಲಿ ಅಂತ. ನಮ್ಮ ಊರಿನ ಅಡುಗೆ. ರಾಜ್ಮಾ, ಟೊಮೆಟೊ, ಮೆಣಸಿನ ಪುಡಿ. ಬೀಫ್ ಕೂಡ ಒಳ್ಳೆಯದೇ ಸಿಕ್ಕಿತು," ಎಂದರು.

ನಮ್ಮಲ್ಲಿ ಮೀನು, ಕೋಳಿ ಎಲ್ಲ ಉಂಟು, ದನದ ಮಾಂಸ ಇಲ್ಲ. ಅದನ್ನು ಆಗಲೇ ಹೇಳಬಹುದಿತ್ತು. ಆದರೆ ಅವರು ಅಷ್ಟರಲ್ಲಿ ಒಳಗೆ ಬಂದು ಕುರ್ಚಿ ಎಳೆದು ಕೂತು, "ಟೀ ಕೊಡ್ತೀಯಾ, ಹನೀ?" ಎಂದು ಕೇಳಿಬಿಟ್ಟಿದ್ದರು. ಅರ್ಧ ಗಂಟೆ ಕೂತು ಮಕ್ಕಳ ಸುದ್ದಿ, ಮೊಣಕಾಲು ನೋವಿನ ಸುದ್ದಿ ಹೇಳಿದರು. ಮದುವೆಯ ನಂತರ ಆ ಮನೆಯಲ್ಲಿ ನನ್ನ ಗಂಡನನ್ನು ಬಿಟ್ಟು ಯಾರಾದರೂ ಕೂತು ಟೀ ಕುಡಿದದ್ದು ಅದೇ ಮೊದಲು. ಅವರು ಹೋದ ಮೇಲೆ ಬಟ್ಟಲನ್ನು ಹಿಂದಿನ ಅಂಗಳಕ್ಕೆ ಒಯ್ದು ಅಲ್ಲಿಗೆ ಬರುವ ಬೀದಿ ಬೆಕ್ಕುಗಳಿಗೆ ಸುರಿದೆ. ಬಿಸಿನೀರಿನಲ್ಲಿ ಎರಡು ಸಲ ತೊಳೆದೆ. ನಮ್ಮ ಪಾತ್ರೆಗಳ ಜೊತೆ ಇಡಲು ಮನಸ್ಸಾಗದೆ ವಾಷಿಂಗ್ ಮೆಷಿನ್ ಮೇಲೆ ಇಟ್ಟೆ.

ನೆರೆಮನೆಯ ಪಾತ್ರೆಯನ್ನು ನಮ್ಮಲ್ಲಿ ಖಾಲಿ ಹಿಂದೆ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಮರುದಿನ ನಾನು ಅದರಲ್ಲಿ ಊರಿಂದ ತಂದಿದ್ದ ಒಂದು ಅಚ್ಚು ಬೆಲ್ಲ ಇಟ್ಟು ಮೇಲೆ ಹೋಗಿ ಕೊಟ್ಟು ಬಂದೆ. ಅದೇನು, ಯಾಕೆ ಎಂದು ಹೇಳಲಿಲ್ಲ. ಅಂಥದ್ದನ್ನು ಯಾರೂ ಯಾರಿಗೂ ಹೇಳುವುದಿಲ್ಲವಲ್ಲ.

ಮುಂದಿನ ಭಾನುವಾರ ಅದೇ ಬಟ್ಟಲು ಮತ್ತೆ ಬಂತು.

"ನೀನು ಕೊಟ್ಟದ್ದನ್ನು ತುರಿದು ಹಾಕಿದೆ," ಎಂದರು ಅವರು, ಮುಖವೆಲ್ಲ ನಗು. "ಖಾರ ಹೇಗೆ ಹದಕ್ಕೆ ಬಂತು ಗೊತ್ತಾ? ನಿನಗೆ ಇದೆಲ್ಲ ಯಾರು ಹೇಳಿಕೊಟ್ಟರು?"

ಅಡುಗೆ ತಿಂದು, ಇದಕ್ಕೆ ಇಂಥದ್ದು ಬೇಕಿತ್ತು ಎಂದು ನಾನು ಕಳಿಸಿದ್ದೆಂದು ಅವರು ತಿಳಿದಿದ್ದರು. ನಾನು ನಕ್ಕು ಟೀಗೆ ನೀರಿಟ್ಟೆ. ಅಂದಿನಿಂದ ಪ್ರತಿ ಸೋಮವಾರ ಬಟ್ಟಲಿನಲ್ಲಿ ಏನಾದರೊಂದು ಹೋಗುತ್ತಿತ್ತು, ಪ್ರತಿ ಭಾನುವಾರ ಅದು ಚಿಲ್ಲಿಯೊಳಗೆ ಕರಗಿ ಕೆಳಗೆ ಬರುತ್ತಿತ್ತು. ಒಣಗಿಸಿದ ಪುನರ್ಪುಳಿ ಸಿಪ್ಪೆ. ಒಂದು ಹಿಡಿ ಕಾಫಿ ಪುಡಿ. ಕೆಳಗಿನ ಅಂಗಡಿಯಲ್ಲಿ ಸಿಗುವ, ಕಲ್ಲಿನ ಹಾಗೆ ಒಣಗಿ ಕಪ್ಪಾದ ನಿಂಬೆ. ಹುರಿದ ಕಾಯಿತುರಿ. ಒಂದು ಸೋಮವಾರ ಮನೆಯಲ್ಲಿ ಬೇರೇನೂ ಕಾಣದೆ ಎರಡು ಬಾಳೆಹಣ್ಣು ಇಟ್ಟು ಕೊಟ್ಟೆ.

"ಬಾಳೆಹಣ್ಣು ಮಾತ್ರ ನನಗೆ ಅರ್ಥವಾಗಲಿಲ್ಲ, ಹನೀ," ಎಂದರು ಆ ಭಾನುವಾರ. "ಹಾಕಿದ್ದೇನೋ ಹಾಕಿದೆ. ನಿಮ್ಮೂರಿನ ಜನ ಗಟ್ಟಿ ಬಿಡು!"

ಡೈರಿಯಲ್ಲಿ ಇದಕ್ಕೂ ಜಾಗ ಮಾಡಿದ್ದೆ. ಕಳಿಸಿದ್ದೇನು, ವಾಸನೆ ಹೇಗೆ, ಬೆಕ್ಕುಗಳು ಏನಂದವು. ಕಾಫಿ ಪುಡಿ ಹಾಕಿದ ವಾರದ ವಾಸನೆ ಎಲ್ಲಕ್ಕಿಂತ ಚೆನ್ನಾಗಿತ್ತು. ಕಾಯಿತುರಿಯದ್ದನ್ನು ಬೆಕ್ಕುಗಳು ನೆಕ್ಕಿ ನೆಕ್ಕಿ ತಿಂದವು. ಪುನರ್ಪುಳಿಯದ್ದನ್ನು ಮೂಸಿ ಹಾಗೇ ಬಿಟ್ಟು ಹೋದವು. ರುಚಿಯ ಕಾಲಂ ಮಾತ್ರ ಖಾಲಿ.

ಗುರುವಾರ ಊಟಕ್ಕೆ ಕೂತಾಗ ಗಂಡನ ಹತ್ತಿರ ಇದನ್ನೆಲ್ಲ ಹೇಳಿದೆ.

"ಎಂಥ ಮಾರಾಯ್ತಿ ನೀನು," ಎಂದು ಅವರು ನಕ್ಕರು. "ತಿನ್ನುವುದಿಲ್ಲ ಅಂತ ಹೇಳಿಬಿಡು. ಅವರೇನು ಪೊಲೀಸರನ್ನು ಕರೀತಾರಾ?"

"ಹೇಳಿದರೆ ಮತ್ತೆ ಅವರು ಬರುವುದಿಲ್ಲ."

"ಬಾರದಿದ್ದರೆ ಎಂಥದ್ದು? ಬೆಕ್ಕುಗಳಿಗೆ ನಾನು ಮೀನು ತರ್ತೇನೆ."

ನಾನು ಗಂಡನ ತಟ್ಟೆಗೆ ಸಾರು ಬಡಿಸಿದೆ. ಸೂರಿನ ಕ್ಯಾಂಪಿನಲ್ಲಿ ಅವರ ಊಟದ ಮೇಜಿಗೆ ಎಂಟು ಜನ ಕೂರುತ್ತಾರೆಂದು ಅವರೇ ಹೇಳಿದ್ದರು. ಬಾಗಿಲಿನ ಒಂದು ಬಡಿತಕ್ಕೆ ನಾನು ಭಾನುವಾರ ಬೆಳಗಿನಿಂದ ಕಿವಿ ಕೊಟ್ಟು ಕೂರುವುದನ್ನು ಅವರಿಗೆ ಹೇಗೆ ವಿವರಿಸುವುದೆಂದು ನನಗೆ ತೋಚಲಿಲ್ಲ.

ಒಮ್ಮೆ ಬಾಯಿಬಿಡದೆಯೇ ಹೇಳಲು ನೋಡಿದೆ. ಬಟ್ಟಲಿನ ತುಂಬ, ಅಂಚಿನವರೆಗೆ, ಬರೀ ರಾಜ್ಮಾ ಕಾಳು ತುಂಬಿಸಿ ಕೊಟ್ಟೆ. ಬರೀ ಕಾಳು ಸಾಕು ಎಂದು ತಿಳಿದುಕೊಳ್ಳಲಿ ಎಂಬ ಆಸೆ. ಭಾನುವಾರ ಬಂದವರು, "ಹೌದು, ನೀನು ಹೇಳಿದ್ದು ಸರಿ, ಕಾಳು ಕಡಿಮೆಯೇ ಇತ್ತು," ಎಂದರು. ಕಾಳೂ ಹೆಚ್ಚಿತ್ತು, ಮಾಂಸವೂ ಇತ್ತು.

ಏಪ್ರಿಲ್‌ನಲ್ಲಿ, ಟೀ ಕುಡಿಯುತ್ತ, ಮೇ ಮುಗಿಯುವುದರೊಳಗೆ ದೇಶ ಬಿಡುತ್ತೇವೆ ಎಂದರು. ಗಂಡನ ಕಾಂಟ್ರಾಕ್ಟ್ ಮುಗಿದಿತ್ತು. ನನ್ನ ಕೈಯಲ್ಲಿದ್ದ ಲೋಟ ಮೇಜಿಗೆ ಇಟ್ಟೆ.

"ಇನ್ನು ಮೇಲೆ ಊರಿನಲ್ಲಿ ನನ್ನ ಚಿಲ್ಲಿ ನೀನು ಹೇಳಿದ ಹಾಗೆಯೇ," ಎಂದರು. "ಒಂದೇ ಒಂದು ಆರಿಸು. ಇಷ್ಟು ವಾರದಲ್ಲಿ ನಿನಗೆ ಯಾವುದರ ರುಚಿ ಹಿಡಿಸಿತು?"

ಕಾಫಿ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಅವರು ಜೀವನವಿಡೀ ನಾನು ತಿನ್ನದ ರುಚಿಯನ್ನು ನನ್ನದೆಂದು ಮಾಡುತ್ತಾರಲ್ಲ ಎನಿಸಿತು.

"ನಾನು ತಿಂದಿಲ್ಲ, ಮೇಡಂ," ಎಂದೆ. "ನಮ್ಮಲ್ಲಿ ಬೀಫ್ ಆಗುವುದಿಲ್ಲ."

"ಒಂದು ವಾರವೂ?"

"ಒಂದು ವಾರವೂ."

ಅವರು ಮೇಜಿನ ಮೇಲಿನ ಬಟ್ಟಲನ್ನು ನೋಡಿದರು. "ಮತ್ತೆ ಇದೆಲ್ಲ ಎಲ್ಲಿ ಹೋಯಿತು?"

"ಹಿಂದಿನ ಅಂಗಳದ ಬೆಕ್ಕುಗಳಿಗೆ."

"ಆ ಹುಳಿ ಸಿಪ್ಪೆಯದ್ದೂ?"

"ಅದನ್ನು ಬೆಕ್ಕುಗಳೂ ಮುಟ್ಟಲಿಲ್ಲ."

ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. "ಮೊದಲ ದಿನವೇ ಹೇಳಬಹುದಿತ್ತು," ಎಂದರು.

"ಹೇಳಿದ್ದರೆ ನೀವು ಮತ್ತೆ ಬರುತ್ತಿರಲಿಲ್ಲ."

"ಬರುತ್ತಿದ್ದೆ. ಕೈಯಲ್ಲಿ ಬೇರೆ ಏನೋ ಇರುತ್ತಿತ್ತು, ಅಷ್ಟೇ."

ಟೀ ಅರ್ಧಕ್ಕೇ ಬಿಟ್ಟು, ಬಟ್ಟಲನ್ನು ತಾವೇ ಎತ್ತಿಕೊಂಡು ಹೋದರು. ಮುಂದಿನ ಭಾನುವಾರದ ಪುಟದ ಕೆಳಗೆ ಯಾರೂ ಇಲ್ಲ ಎಂದಿದೆ. ಅದರ ಮುಂದಿನ ಭಾನುವಾರವೂ ಹಾಗೆಯೇ. ಮೇಲೆ ಪೆಟ್ಟಿಗೆಗಳನ್ನು ಎಳೆದಾಡುವ ಸದ್ದು ಕೇಳುತ್ತಿತ್ತು. ಮೆಟ್ಟಿಲ ತಿರುವಿನವರೆಗೆ ಹೋಗಿ ಎರಡು ಸಲ ಹಿಂದಿರುಗಿದೆ. ಕೈಯಲ್ಲಿ ಬಟ್ಟಲಿಲ್ಲದೆ ಅವರ ಬಾಗಿಲಿಗೆ ಹೋಗಿ ಅಭ್ಯಾಸವೇ ಇರಲಿಲ್ಲ.

ಮೂರನೆಯ ಭಾನುವಾರ ಬಾಗಿಲು ಬಡಿಯಿತು. ಅವರು ಬಟ್ಟಲನ್ನು ಮೇಜಿನ ಮೇಲಿಟ್ಟು, "ಬರೀ ಕಾಳು. ಬೇಯಿಸಿದ ಪಾತ್ರೆಯೂ ಹೊಸದು, ನಿನ್ನೆ ತಂದದ್ದು," ಎಂದರು. "ಬಾಳೆಹಣ್ಣೊಂದು ಬಿಟ್ಟು ನೀನು ಕೊಟ್ಟದ್ದೆಲ್ಲ ಇದರಲ್ಲಿದೆ. ತಿನ್ನು. ನಾನು ನೋಡಬೇಕು."

ಒಂದು ಚಮಚ ಬಾಯಿಗಿಟ್ಟೆ. ಹುಳಿ, ಕಹಿ, ಸಿಹಿ ಒಂದರ ಮೇಲೊಂದು ಬಿದ್ದು ಜಗಳವಾಡುತ್ತಿದ್ದವು. ಮುಖ ಹಿಂಡಿಹೋಯಿತು.

"ಈ ಸಲ ನಿಜ ಹೇಳು," ಎಂದರು.

"ಬೆಲ್ಲ ಸಾಕು. ಉಳಿದದ್ದು ಯಾವುದೂ ಬೇಡ."

"ಖಲಾಸ್!" ಎಂದು ಅವರು ತೊಡೆ ತಟ್ಟಿಕೊಂಡು ನಕ್ಕರು. "ಏಳು ತಿಂಗಳು ಕಷ್ಟಪಟ್ಟೆವಲ್ಲ, ನಾನೂ ನಿನ್ನ ಬೆಕ್ಕುಗಳೂ!" ನಾನು ಬಟ್ಟಲು ಪೂರ್ತಿ ತಿಂದು ಮುಗಿಸುವವರೆಗೆ ಅವರು ಕೂತಿದ್ದರು. ಎರಡು ಸಲ ಟೀ ಆಯಿತು.

ಅವರು ಹೊರಡುವ ಹಿಂದಿನ ದಿನ ಮನೆಯಲ್ಲಿ ಉಳಿದಿದ್ದ ಬೆಲ್ಲವನ್ನೆಲ್ಲ ಬಟ್ಟಲಿನಲ್ಲಿ ಇಟ್ಟು ಮೇಲೆ ಹೋದೆ. ಮನೆ ಬರಿದಾಗಿತ್ತು, ಮಾತನಾಡಿದರೆ ಗೋಡೆ ತಿರುಗಿ ಮಾತನಾಡುತ್ತಿತ್ತು. ಅವರು ಬೆಲ್ಲವನ್ನು ಎತ್ತಿ ಕೈಚೀಲಕ್ಕೆ ಹಾಕಿಕೊಂಡರು. "ಬಟ್ಟಲು ನಿನ್ನ ಹತ್ತಿರವೇ ಇರಲಿ. ಪೆಟ್ಟಿಗೆಗೆಲ್ಲ ಹಗ್ಗ ಕಟ್ಟಿ ಆಗಿದೆ," ಎಂದು ನನ್ನ ಕೈಗೇ ಕೊಟ್ಟರು. ಖಾಲಿ ಬಟ್ಟಲು. ಅವರಿಗೆ ನಮ್ಮ ಪದ್ಧತಿ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಮೇಲಿನ ಮನೆ ಆ ಬೇಸಿಗೆಯೆಲ್ಲ ಬೀಗ ಹಾಕಿಕೊಂಡೇ ಇತ್ತು. ಜುಲೈಯ ಒಂದು ಭಾನುವಾರ ನಾನೇ ರಾಜ್ಮಾ ನೆನೆಹಾಕಿ, ಟೊಮೆಟೊ, ಮೆಣಸಿನ ಪುಡಿ ಹಾಕಿ ಬೇಯಿಸಿದೆ. ಊರಿಂದ ಬಂದವರೊಬ್ಬರು ತಂದುಕೊಟ್ಟ ಬೆಲ್ಲ ತುರಿದು ಹಾಕಿದೆ. ನಮ್ಮ ಪಾತ್ರೆಗಳ ನಡುವೆ ಇಟ್ಟಿದ್ದ ಆ ಬಿಳಿ ಬಟ್ಟಲನ್ನು ತೆಗೆದು ಅದರಲ್ಲೇ ಬಡಿಸಿಕೊಂಡು ತಿಂದೆ. ಚೆನ್ನಾಗಿತ್ತು. ಒಬ್ಬಳಿಗೆ ಹೆಚ್ಚಾಯಿತು.

ತೊಳೆದು ಒರೆಸಿ ಕಪಾಟಿನಲ್ಲಿ ಇಡಲು ಹೋದರೆ ಖಾಲಿ ಇಡಲು ಕೈ ಬರಲಿಲ್ಲ. ಒಂದು ಚೂರು ಬೆಲ್ಲ ಹಾಕಿ ಇಟ್ಟೆ. ಆಮೇಲೆ ಡೈರಿ ತೆಗೆದು, ರುಚಿಯ ಕಾಲಮಿನಲ್ಲಿ ಚೆನ್ನಾಗಿತ್ತು ಎಂದೂ, ಪುಟದ ಕೆಳಗೆ ಯಾರೂ ಇಲ್ಲ ಎಂದೂ ಬರೆದೆ.