ಕೌದಿ ಹೊಲಿದವಳ ಹೆಸರು

ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದಾಗ ನಾನು ದಿಲ್ಲಿಯ ದೊಡ್ಡ ವಸ್ತುಸಂಗ್ರಹಾಲಯದಲ್ಲಿ, ಬಟ್ಟೆಗಳ ಕೋಣೆಯ ಬಾಗಿಲಲ್ಲಿದ್ದೆ. ಕಣ್ಣಿಗೆ ಬಂದದ್ದು ಮಾತ್ರ ಅಥಣಿ ಸೀಮೆಯ ನಮ್ಮ ಹಳೆಯ ಮನೆ, ನಡುಮನೆಯ ಕಬ್ಬಿಣದ ಟ್ರಂಕು, ಅದರ ಮೇಲೆ ಕೂತು ಒಂದೊಂದೇ ದ್ರಾಕ್ಷಿ ಬಿಡಿಸಿ ತಿನ್ನುತ್ತಿದ್ದ ಆಯಿ, ನನ್ನ ತಂದೆಯ ತಾಯಿ. ಟ್ರಂಕಿನೊಳಗೆ ಅವಳ ಕೌದಿ ಇರುತ್ತಿತ್ತು. ಹಳೆಯ ಸೀರೆ, ಧೋತರ, ಕುಬಸಗಳ ತುಂಡು ಕೂಡಿಸಿ, ಮದುವೆಗೆ ಮುಂಚೆ ಕಾಗವಾಡದ ತವರಿನಲ್ಲಿ ಅವಳೇ ಹೊಲಿದದ್ದು. ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು ಕೊನೆಯ ಮೂಲೆ ಮುಚ್ಚುವ ಮೊದಲು ಹೋಳಿಗೆಯ ಚೂರೊಂದನ್ನು ಒಳಗಿಟ್ಟಿದ್ದಳಂತೆ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದಿದ್ದರೆ, ಮೈಮೇಲೆ ಅದರ ಭಾರ ಎಂಥದೆಂದು ನಾನು ಹೇಳಬೇಕಿಲ್ಲ.

ನನಗೆ ಚಿಕ್ಕಂದಿನಿಂದ ಎಣಿಸುವ ಹುಚ್ಚು. ಕಂಡದ್ದನ್ನೆಲ್ಲ ತಾರೀಖು ಹಾಕಿ ವಹಿಯಲ್ಲಿ ಬರೆಯುತ್ತಿದ್ದೆ. ಒಂದು ಮಧ್ಯಾಹ್ನ ಅಂಗಳದ ಬಿಸಿಲಿಗೆ ಹರವಿದ್ದ ಕೌದಿಯ ಮೇಲೆ ಮೊಣಕಾಲೂರಿ ತುಂಡುಗಳನ್ನು ಎಣಿಸತೊಡಗಿದೆ.

"ನಮ್ಮನಿಗೆ ಊರ ಲೆಕ್ಕಾ ಬರಿಯೋ ತಲಾಠಿ ಬಂದಾಳ ನೋಡ್ರಿ," ಎಂದು ಆಯಿ ನಕ್ಕಳು. ಆಮೇಲೆ ತನ್ನಷ್ಟಕ್ಕೇ ಎಂಬಂತೆ ಮದುವೆಯ ಮಾತು ತೆಗೆದಳು. "ತಾಟಿನ್ಯಾಗ ಅಕ್ಕಿ ಹರವಿ, ನಿಮ್ಮ ಅಜ್ಜ ಉಂಗುರದಿಂದ ಹೊಸ ಹೆಸರ ಬರದ್ರು. ಅವತ್ತಿನಿಂದ ನಾ ಸುಶೀಲಾ. ಅದಕಿಂತ ಮೊದಲ..."

ಮೊದಲಿನ ಹೆಸರನ್ನೂ ಹೇಳಿದಳು. ನಾನಾಗ ಎಂಬತ್ತಾರನೆಯ ತುಂಡಿನಲ್ಲಿದ್ದೆ.

"ತಡಿ ಆಯಿ, ಲೆಕ್ಕ ತಪ್ಪತೈತಿ."

ಅವಳು ಮಾತು ಅಲ್ಲಿಗೇ ಬಿಟ್ಟು ಕೌದಿಯ ಮಡಚಿದ ಅಂಚನ್ನು ಎಳೆದು ಸರಿಮಾಡಿದಳು. ಆ ದಿನದ ಪುಟ ಇವತ್ತಿಗೂ ನನ್ನ ಬಳಿ ಇದೆ. 'ಕೌದಿ, ತುಂಡು ನೂರ ನಾಲ್ವತ್ತೆರಡು' ಎಂದಿದೆ. ಹೆಸರಿಲ್ಲ.

ಆಯಿ ತೀರಿಕೊಂಡಳು. ಹಳೆಯ ಮನೆ ಕೆಡವುವಾಗ, ಹಳೆಯ ಸಾಮಾನು ಹುಡುಕಿಕೊಂಡು ಬಂದವರಿಗೆ ಅಪ್ಪ ಕೌದಿಯನ್ನು ಕೊಟ್ಟುಬಿಟ್ಟರು. ಅದು ದಿಲ್ಲಿಯಲ್ಲಿದೆಯೆಂದು ತಿಳಿದಾಗ ಅವ್ವನನ್ನು ಕರೆದುಕೊಂಡು ಹೋದೆ. ಗಾಜಿನ ಹಿಂದೆ ಅದು ಕೈಗೆಟುಕದೆ ನೇತಾಡುತ್ತಿತ್ತು. ಕೆಳಗಿನ ಚೀಟಿಯಲ್ಲಿ 'ಹೊಲಿದವರು ಯಾರೆಂದು ತಿಳಿದಿಲ್ಲ' ಎಂದಿತ್ತು. ನಾನು ಓದಿ ಹೇಳಿದೆ.

"ತಿಳಿದಿಲ್ಲ ಅಂದ್ರ? ಕೇಳಿದ್ದರ ನಾವು ಹೇಳತಿದ್ದಿಲ್ಲೇನು?" ಎಂದಳು ಅವ್ವ.

ಅಲ್ಲಿನ ಅಧಿಕಾರಿ ಸಮಾಧಾನದಿಂದ ಕೇಳಿಸಿಕೊಂಡು ಒಂದು ಅರ್ಜಿ ಕೊಟ್ಟರು. ಹೊಲಿದವರ ಹೆಸರು ಬರೆದುಕೊಟ್ಟರೆ ಚೀಟಿ ಬದಲಿಸುತ್ತೇವೆ ಎಂದರು.

"ಸುಶೀಲಾಬಾಯಿ ಅಂತ ಬರಿ."

"ಅವ್ವಾ, ಹೊಲಿದಾಗ ಆಕಿ ಹೆಸರ ಬ್ಯಾರೆ ಇತ್ತು. ನಿನಗ ಗೊತ್ತೈತೇನು?"

ಅವ್ವ ಗಾಜಿನ ಹಿಂದಿನ ಕೌದಿಯತ್ತ ನೋಡಿದಳು. "ನಾ ಆಕಿನ್ನ ಅತ್ತಿ ಅಂತಿದ್ದೆ," ಎಂದಳು ಕೊನೆಗೆ.

ಕಾಗವಾಡಕ್ಕೆ ಫೋನ್ ಮಾಡಿದೆ. ಆಯಿಯ ತಮ್ಮನ ಮಗ ಎತ್ತಿದ. "ನಮಗೆಲ್ಲಾ ಆಕಿ ಅಥಣಿ ಅತ್ಯಾ ನೋಡವಾ. ಹೆಸರ ಹಿಡದ ಕರಿಯಾವ್ರು ಈಗ ಯಾರ ಉಳದಾರ?"

ಅಧಿಕಾರಿ ಕಾಯುತ್ತಿದ್ದರು. ಅರ್ಜಿಯಲ್ಲಿ 'ಸುಶೀಲಾಬಾಯಿ' ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿದೆ. ಅವ್ವ ಸೆರಗಿನಿಂದ ಗಾಜು ಒರೆಸಿ ಕೈಮುಗಿದಳು. ನನ್ನ ಕೈ ಮೇಲೇಳಲಿಲ್ಲ. ಕಾಗವಾಡದ ಮನೆಯಲ್ಲಿ ತಲೆ ಬಗ್ಗಿಸಿ ಈ ಕೌದಿ ಹೊಲಿಯುತ್ತಿದ್ದ ಹುಡುಗಿಯನ್ನು ಯಾರಾದರೂ ಸುಶೀಲಾ ಎಂದು ಕೂಗಿದ್ದರೆ, ಅವಳು ತಿರುಗಿ ನೋಡುತ್ತಿರಲಿಲ್ಲ.