ಗೌರಿ ಮೆಲುಕು ಹಾಕಿರಲಿಲ್ಲ

2022ರಲ್ಲಿ ನಾನು ಪುಣೆಯ ಒಂದು ಪ್ರಯೋಗಾಲಯದಲ್ಲಿ ಪಶುವೈದ್ಯೆಯಾಗಿದ್ದೆ. ಆಕಳು, ಆಡು, ಕುದುರೆಗಳ ಜೀರ್ಣರಸಗಳನ್ನು ಹೋಲಿಸಿ ನೋಡುವುದು ನನ್ನ ಕೆಲಸ. ಮೂರೂ ತಿನ್ನುವುದು ಹುಲ್ಲನ್ನೇ, ಒಳಗಿನ ರಸಾಯನ ಬೇರೆ. ಕುದುರೆಯ ಮೇವು ಮೊದಲು ಜಠರದ ಆಮ್ಲವನ್ನು ದಾಟಿ ಕೊನೆಗೆ ದೊಡ್ಡ ಕರುಳಿನಲ್ಲಿ ಹುದುಗುತ್ತದೆ. ಆಕಳು, ಆಡುಗಳಲ್ಲಿ ಹುದುಗುವುದೇ ಮೊದಲು, ರೂಮೆನ್ ಎಂಬ ದೊಡ್ಡ ಹೊಟ್ಟೆಯಲ್ಲಿ. ಅಲ್ಲಿ ಹುಟ್ಟುವ ಹುಳಿಯನ್ನು ತಣಿಸುವುದು ಮೆಲುಕು ಹಾಕುವಾಗ ಇಳಿಯುವ ಜೊಲ್ಲು. ಅದರಲ್ಲಿ ಸೋಡಾದ ಅಂಶವಿದೆ.

ಇಷ್ಟು ಗೊತ್ತಿದ್ದೂ ಒಮ್ಮೆ ನಾನು ತಪ್ಪಿದೆ.

ವಿಜಯಪುರದ ಕಡೆಯ ಶಾಂತವ್ವ ಪುಣೆಯ ವಾಕಡ ಬಡಾವಣೆಯ ಫ್ಲಾಟುಗಳ ನಡುವೆ ಉಳಿದ ತುಂಡು ಜಾಗದಲ್ಲಿ ನಾಲ್ಕು ಆಕಳು ಕಟ್ಟಿದ್ದರು. ಹಬ್ಬದ ಮರುದಿನ ಹೌಸಿಂಗ್ ಸೊಸೈಟಿಯವರು ಗೋಗ್ರಾಸವೆಂದು ಉಳಿದ ಅನ್ನ, ಹೋಳಿಗೆಗಳನ್ನು ಬಕೆಟ್‌ಗಟ್ಟಲೆ ಸುರಿದು ಹೋಗಿದ್ದರು. ಗಬ್ಬವಾಗಿದ್ದ ಗೌರಿ ಅದನ್ನೆಲ್ಲ ತಿಂದು ಮಲಗಿಬಿಟ್ಟಿತ್ತು. ಅಷ್ಟು ಪಿಷ್ಟ ಒಮ್ಮೆಲೇ ರೂಮೆನ್‌ಗೆ ಬಿದ್ದರೆ ಆಮ್ಲವೇರಿ ಆಕಳು ಸಾಯಬಹುದು.

ಶಾಂತವ್ವ ಕರೆಸಿದಾಗ ಹೋಗಿ, ಗೌರಿಯ ಬಾಯಿಂದ ಕೊಳವೆ ಇಳಿಸಿ ರಸ ತೆಗೆದೆ. ಪಿಎಚ್ ಮೀಟರ್ 6.8 ತೋರಿಸಿತು. ಅಂಕಿ ಕೆಳಗಿಳಿದಷ್ಟೂ ಆಮ್ಲ ಹೆಚ್ಚು. ಇದು ಆರೋಗ್ಯವಂತ ಆಕಳಿನ ಅಂಕಿ. ಬರೀ ಅಜೀರ್ಣ ಎಂದು ಹೇಳಿ ಚೀಲ ಕಟ್ಟತೊಡಗಿದೆ.

ಶಾಂತವ್ವ ಬಾಟಲಿಯನ್ನು ಬೆಳಕಿಗೆ ಹಿಡಿದು ಓಲಾಡಿಸಿದರು. "ಇದು ಜೊಲ್ಲ ಅದ ರೀ ಬಾಯಾರ, ಎಳಿ ಎಳಿ ಬರಾಕತ್ತದ. ಮುಂಜಾನಿಯಿಂದ ಗೌರಿ ಮೆಲಕ ಹಾಕಿಲ್ಲ. ನಾ ಹೊಟ್ಟಿ ತೋರಿಸಿದ್ರ ನೀವು ಬಾಯಿ ನೋಡಿ ಹೊಂಟ್ರಿ."

ಹೀಗೇ ಹೇಳಿದರೋ, ವರ್ಷಗಳಿಂದ ಮೆಲುಕು ಹಾಕುತ್ತ ನಾನೇ ಮಾತನ್ನು ನುಣುಪು ಮಾಡಿದೆನೋ, ಖಚಿತವಿಲ್ಲ. ನೋಟ್‌ಬುಕ್ಕಿನಲ್ಲಿರುವುದು ಎರಡು ಅಂಕಿಗಳು ಮಾತ್ರ.

ಕೊಳವೆಯನ್ನು ಇನ್ನೂ ಆಳಕ್ಕೆ ಇಳಿಸಿ, ಮೊದಲು ಬಂದದ್ದನ್ನು ಚೆಲ್ಲಿ, ಮತ್ತೆ ಅಳೆದೆ. 5.0. ಹುಳಿ ವಾಸನೆ ಮೂಗಿಗೆ ಹೊಡೆಯಿತು. ಸೋಡಾ ಬೆರೆಸಿದ ನೀರು ಹೊಯ್ದೆ. ಮೇವು ಹುದುಗಿಸುವ ಸೂಕ್ಷ್ಮಜೀವಿಗಳು ಆಮ್ಲಕ್ಕೆ ಸತ್ತಿದ್ದವು; ಅವುಗಳ ಬದಲಿಗೆ ಬೇರೊಂದು ಆಕಳಿನ ರೂಮೆನ್ ರಸ ಬೇಕು ಎಂದಾಗ ಶಾಂತವ್ವನಿಗೆ ಆಶ್ಚರ್ಯವಾಗಲಿಲ್ಲ. ಅವರ ತಾಯಿ ಗಟ್ಟಿ ದನದ ಬಾಯಿಂದ ಮೆಲುಕಿನ ಉಂಡೆ ಕಿತ್ತು ಬೇನೆಯ ದನಕ್ಕೆ ತಿನ್ನಿಸುತ್ತಿದ್ದರಂತೆ. ಉಳಿದ ಮೂರು ಆಕಳುಗಳಲ್ಲಿ ದಾನಿಯನ್ನೂ ಅವರೇ ಆರಿಸಿದರು. "ಚಂದ್ರಿದು ತಗೋರಿ. ಹೋಳಿಗಿ ಮೂಸಿ ನೋಡಿ ಬಿಟ್ಟಾಕಿ ಅಕಿ, ಭಾಳ ಶಾಣ್ಯಾ."

ಮರುದಿನ ಮಧ್ಯಾಹ್ನ ಅವರ ಫೋನ್ ಬಂತು. "ಕೇಳ್ರಿ" ಎಂದಷ್ಟೇ ಹೇಳಿ ಫೋನನ್ನು ಎಲ್ಲೋ ಹಿಡಿದರು. ನಿಧಾನವಾಗಿ, ಒಂದೇ ಲಯದಲ್ಲಿ, ಗೌರಿ ಮೆಲುಕು ಹಾಕುತ್ತಿತ್ತು.

ಮೀಟರ್ ಸುಳ್ಳು ಹೇಳಿರಲಿಲ್ಲ. ಜೊಲ್ಲು ಬೆರೆತ ರಸದ ಅಂಕಿಯನ್ನು ಸರಿಯಾಗಿಯೇ ಹೇಳಿತ್ತು. ಅದನ್ನು ಹೊಟ್ಟೆಯದೆಂದು ಬರೆದುಕೊಂಡವಳು ನಾನು. ಈಗಲೂ ಕೊಟ್ಟಿಗೆಗೆ ಹೋದರೆ ಚೀಲ ಬಿಚ್ಚುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ನಿಂತು ಆಕಳಿನ ದವಡೆಯನ್ನೇ ನೋಡುತ್ತೇನೆ.