ಮೀನು ಒಣಗಿಸುವ ಬಯಲಿಗೆ ಸಾಹೇಬರು ಬಂದ ದಿನ

ಎಂಬತ್ತರ ದಶಕದ ಮೊದಲಲ್ಲಿ, ನಾನು ಬೆಳಕೆ ಊರಿನಿಂದ ಹೊನ್ನಾವರದ ಪಕ್ಕದ ಕಾಸರಕೋಡಿಗೆ ಸೊಸೆಯಾಗಿ ಬಂದ ಹೊಸತರಲ್ಲಿ, ಹೊನ್ನಾವರದ ಕಚೇರಿಯೊಂದರ ಗೋಡೆಗೆ ಬಣ್ಣದ ನಕ್ಷೆ ಅಂಟಿಸಿದ್ದರು. ಊರು ಮುಂದೆ ಹೇಗೆ ಬೆಳೆಯಬೇಕು ಎನ್ನುವ ನಕ್ಷೆಯಂತೆ. ಮನೆಗೆ ಹಳದಿ, ಅಂಗಡಿಗೆ ನೀಲಿ, ಗದ್ದೆಗೆ ಹಸಿರು. ಅತ್ತೆ ಮತ್ತು ಕೇರಿಯ ಹೆಂಗಸರು ಮೀನು ಒಣಗಿಸುವ ಸರ್ಕಾರಿ ಮರಳು ಬಯಲಿಗೂ ನಕ್ಷೆಯಲ್ಲಿ ಹಳದಿ ಬಿದ್ದಿತ್ತು. ಅಳೆಯುವವರು ಬಂದದ್ದು ಮಳೆಗಾಲದಲ್ಲಿ. ಆಗ ದೋಣಿ ಕಡಲಿಗೆ ಇಳಿಯುವುದಿಲ್ಲ, ಒಣಗಿಸಲು ಮೀನೂ ಇರುವುದಿಲ್ಲ. ಖಾಲಿ ಜಾಗ ಎಂದು ಬರೆದುಕೊಂಡು ಹೋಗಿದ್ದರು. ಇನ್ನು ಅಲ್ಲಿ ಮನೆ ಸೈಟು ಮಾಡುತ್ತಾರಂತೆ. ಬಯಲು ಹೋದರೆ ನಮ್ಮ ಅನ್ನವೂ ಹೋಯಿತು.

ನಾನು ಏಳನೇ ಕ್ಲಾಸು ಓದಿದವಳೆಂಬ ಧೈರ್ಯಕ್ಕೆ ಅತ್ತೆ ನನ್ನನ್ನೂ ಕಚೇರಿಗೆ ಕರೆದೊಯ್ದರು. ಓದಿದ್ದೇನೂ ಉಪಯೋಗಕ್ಕೆ ಬರಲಿಲ್ಲ.

"ಮೀನು ಒಣಗಿಸುದು ಅಂದ್ರೆ ಎಂತ? ಕೃಷಿಯೋ, ವ್ಯಾಪಾರವೋ, ಕಾರ್ಖಾನೆಯೋ?" ಎಂದು ಗುಮಾಸ್ತ ಕೇಳಿದ.



"ಅದು ಮೀನು ಒಣಗ್ಸುದು," ಎಂದರು ಅತ್ತೆ.

ಅದಕ್ಕೆ ಅವನಲ್ಲಿ ಬಣ್ಣವಿರಲಿಲ್ಲ. ಅಂತೂ ನಮ್ಮ ತಕರಾರು ಬರೆದುಕೊಂಡು, ಸಾಹೇಬರೇ ಬಂದು ಜಾಗ ನೋಡುತ್ತಾರೆ ಎಂದ.

ಸಾಹೇಬರು ಬರುವ ಸುದ್ದಿ ಬಂದಾಗ ಬಯಲ ತುಂಬ ಬಂಗಡೆ, ಸಿಗಡಿ. ಗೆದ್ದೆವು ಎಂದುಕೊಂಡೆ. ಮರುದಿನ ಬೆಳಿಗ್ಗೆ ಬಾವಿಯಿಂದ ನೀರು ತರುವಷ್ಟರಲ್ಲಿ ಬಯಲಲ್ಲಿ ಒಂದು ಸಿಗಡಿಯೂ ಇಲ್ಲ! ಹೆಂಗಸರೆಲ್ಲ ಸೇರಿ ಮೀನನ್ನು ಚಾಪೆ ಸಮೇತ ಮನೆಯೊಳಗೆ ಸಾಗಿಸಿ, ಮರಳು ಗುಡಿಸಿ, ನೀರು ಚಿಮುಕಿಸಿದ್ದರು. ನಡುವೆ ಒಂದು ಕುರ್ಚಿ, ಪಕ್ಕದಲ್ಲಿ ಎಳನೀರು.

"ಇದೆಂತ ಮಾಡ್ದ್ರಿ ಅತ್ತೆ?"

"ದೊಡ್ಡವ್ರು ಬರೂ ಹೊತ್ತಿಗೆ ನಾತ ಹೊಡೀತಾ ಇದ್ರೆ ಆಗ್ತದ? ಮರ್ಯಾದಿ ಬ್ಯಾಡ್ವಾ?"

ನನಗೆ ತಲೆ ಕೆಟ್ಟುಹೋಯಿತು. ಮೀನನ್ನು ಮತ್ತೆ ಹೊರಗೆ ತಂದು ಹರಡಿ ಅನ್ನಲೇ? ಹೊಸ ಸೊಸೆಯ ಮಾತು ಕೇಳುವವರು ಯಾರು? ಅತ್ತೆ ಹೇಳುವುದರಲ್ಲೂ ತಪ್ಪೇನು, ನೆಂಟರು ಬಂದರೆ ನಾನೂ ಅಂಗಳ ಗುಡಿಸುವವಳೇ. ಹೀಗೆ ಕೂಡುತ್ತ ಕಳೆಯುತ್ತ ನಿಂತಿರುವಾಗಲೇ ಜೀಪು ಬಂತು.

ಸಾಹೇಬರು ಸಿಡುಕಿನವರಲ್ಲ. ಎಳನೀರು ಕುಡಿದು, ಮೀನೆಲ್ಲಿ ಎಂದು ಕೇಳಿದರು.

"ಒಳಗೆ ಇಟ್ಟೇವೆ, ನಿಮ್ಗೆ ತ್ರಾಸ ಆಗೂದು ಬ್ಯಾಡ ಅಂತ," ಎಂದರು ಅತ್ತೆ, ಹೆಮ್ಮೆಯಿಂದ.

"ದಿನಾ ಇಲ್ಲೇ ಒಣಗ್ಸುದು ಸಾಹೇಬ್ರೇ," ಎಂದು ನಾನು ಬಾಯಿ ಹಾಕಿದೆ.

"ನಾನು ಕಂಡದ್ದನ್ನೇ ಬರೀಬೇಕಲ್ಲಮ್ಮ," ಎಂದು ಅವರು ಜೀಪು ಹತ್ತಿದರು.

ಕೆಲವು ತಿಂಗಳ ಮೇಲೆ ಕಚೇರಿಗೆ ಹೋದಾಗ ಅದೇ ಗುಮಾಸ್ತ ತೀರ್ಮಾನ ಓದಿ ಹೇಳಿದ: ಸ್ಥಳ ನೋಡಲಾಗಿದೆ, ಜಾಗ ಖಾಲಿಯಾಗಿಯೂ ಸ್ವಚ್ಛವಾಗಿಯೂ ಇದೆ, ವಸತಿಗೆ ಯೋಗ್ಯ. ನನಗೆ ಅಳು ಬಂತು, ಸಿಟ್ಟೂ ಬಂತು. ಆ ಸಿಟ್ಟು ಸಾಹೇಬರ ಮೇಲೋ ಅತ್ತೆಯ ಮೇಲೋ, ಇವತ್ತಿಗೂ ನನಗೆ ತಿಳಿದಿಲ್ಲ.

ಅತ್ತೆ ಮಾತ್ರ ಹಿಗ್ಗಿನಿಂದ ನನ್ನ ಕಡೆ ತಿರುಗಿದರು. "ಕೇಳ್ದೆಯಾ, ಸ್ವಚ್ಛ ಉಂಟು ಅಂತ ಬರ್ದಾರೆ. ಆತು, ಇನ್ನು ಹೆದ್ರಿಕೆ ಇಲ್ಲ. ನಡಿ, ಮೀನು ಹರಡ್ವ."